ಎಪ್ಪತ್ತೊಂಬತ್ತು ಡಿಗ್ರಿ ಉತ್ತರದಲ್ಲಿ ಒಂದು ಕೇಬಲ್ ಕಡ

2019ರ ಜೂನ್ ಕೊನೆಯಲ್ಲಿ ಮೊದಲ ಸಲ ನಿ-ಓಲೆಸುಂಡ್‌ಗೆ ಹೋದಾಗ ನನ್ನ ಪೆಟ್ಟಿಗೆಯಲ್ಲಿ ಹನ್ನೆರಡು ಹೊಸ ಡೇಟಾ ಲಾಗರ್‌ಗಳಿದ್ದವು, ಅಂದರೆ ಅಳತೆಗಳನ್ನು ತಾವೇ ದಾಖಲಿಸಿಕೊಳ್ಳುವ ಪುಟ್ಟ ಯಂತ್ರಗಳು. ಒಂದೂ ಕೆಲಸಕ್ಕೆ ಬರಲಿಲ್ಲ. ಕೆಟ್ಟಿರಲಿಲ್ಲ, ಎಲ್ಲವೂ ಚೆನ್ನಾಗಿಯೇ ಇದ್ದವು. ಅವನ್ನು ಶುರು ಮಾಡೋಕೆ ಬ್ಲೂಟೂತ್ ಬೇಕಿತ್ತು, ಅಷ್ಟೇ. ಆ ಊರಲ್ಲಿ ಬ್ಲೂಟೂತ್ ಹಾಕುವ ಹಾಗಿಲ್ಲ.

ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ, ಸುಮಾರು 79 ಡಿಗ್ರಿ ಉತ್ತರದಲ್ಲಿರುವ ಪುಟ್ಟ ಊರು ಅದು. ಮೊದಲು ಕಲ್ಲಿದ್ದಲು ಗಣಿ ಇತ್ತು. 1962ರ ಸ್ಫೋಟದಲ್ಲಿ 21 ಜನ ಸತ್ತ ಮೇಲೆ ಗಣಿ ಮುಚ್ಚಿತು. ಈಗ ಅಲ್ಲಿ ಇರುವುದೆಲ್ಲ ಸಂಶೋಧನೆ. ನಾರ್ವೆ, ಜರ್ಮನಿ-ಫ್ರಾನ್ಸ್ ಜಂಟಿ, ಬ್ರಿಟನ್, ಇಟಲಿ, ಜಪಾನ್, ಕೊರಿಯಾ, ಚೀನಾ ಎಲ್ಲ ಅಕ್ಕಪಕ್ಕದ ಮನೆಗಳ ಹಾಗೆ. ನಮ್ಮ ಭಾರತದ ನಿಲ್ದಾಣ ಹಿಮಾದ್ರಿ 2008ರಿಂದ ಇದೆ. ಊರಾಚೆ ದೊಡ್ಡ ಆಂಟೆನಾಗಳಿವೆ. ಕೋಟ್ಯಂತರ ಜ್ಯೋತಿರ್ವರ್ಷ ದೂರದ ಕ್ವೇಸಾರ್‌ಗಳಿಂದ, ಅಂದರೆ ತುಂಬಾ ಪ್ರಖರವಾದ ಗೆಲಾಕ್ಸಿ ಕೇಂದ್ರಗಳಿಂದ, ಬರುವ ಕ್ಷೀಣ ರೇಡಿಯೋ ಸದ್ದನ್ನು ಅವು ಕೇಳಿಸಿಕೊಳ್ಳುತ್ತವೆ. ಅದರಿಂದ ಭೂಮಿ ಹೇಗೆ ತಿರುಗುತ್ತಿದೆ, ಖಂಡಗಳು ಎಷ್ಟು ಸರಿದಿವೆ ಅಂತ ಅಳೆಯುತ್ತಾರೆ. ಹಾಗಾಗಿ ಸುತ್ತ 20 ಕಿಲೋಮೀಟರ್ ರೇಡಿಯೋ ಮೌನ. ವೈಫೈ ಇಲ್ಲ, ಬ್ಲೂಟೂತ್ ಇಲ್ಲ, ಫೋನು ಫ್ಲೈಟ್ ಮೋಡ್‌ನಲ್ಲೇ ಇರಬೇಕು.

ಈ ನಿಯಮ ನನಗೆ ಕಳಿಸಿದ ಕಾಗದದಲ್ಲಿ ಇತ್ತು. ಓದಿದ್ದೆ ಕೂಡ. ಫೋನು, ಲ್ಯಾಪ್‌ಟಾಪಿಗೆ ಸಂಬಂಧಿಸಿದ್ದು ಅಂದುಕೊಂಡಿದ್ದೆ. ಲಾಗರ್ ಒಳಗೂ ಒಂದು ಬ್ಲೂಟೂತ್ ಕೂತಿರುತ್ತೆ ಅನ್ನೋದು ತಲೆಗೆ ಹೊಳೆಯಲೇ ಇಲ್ಲ. ವೀಸಾದಲ್ಲೂ ಹೀಗೇ ಎಡವಿದ್ದೆ. ಸ್ವಾಲ್‌ಬಾರ್ಡ್‌ಗೆ ವೀಸಾನೇ ಬೇಡ, ಆದರೆ ಅದು ಷೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಹೊರಗಿದೆ. ಓಸ್ಲೋ ಮೂಲಕ ಹೋಗಿ ಓಸ್ಲೋ ಮೂಲಕವೇ ವಾಪಸ್ ಬರಬೇಕಾದ್ದರಿಂದ ಎರಡು ಸಲ ಒಳಗೆ ಬಿಡುವ ವೀಸಾ ಬೇಕು. ನನಗೆ ಮೊದಲು ಸಿಕ್ಕಿದ್ದು ಒಂದೇ ಸಲದ್ದು. ಹೊರಡಲು ಮೂರು ವಾರ ಇರುವಾಗ ಕಣ್ಣಿಗೆ ಬಿತ್ತು. ಹೋಗುವವರು ಇದನ್ನು ಮೊದಲು ನೋಡಿಕೊಳ್ಳಿ.

ಸರಿ, ಲಾಗರ್ ಕಥೆ. ವೆಸ್ಟ್ರೆ ಬ್ರೊಗ್ಗರ್‌ಬ್ರೀನ್ ಅನ್ನೋ ಹಿಮನದಿಯ ಪಕ್ಕ, ಮಣ್ಣಿನ ಬೇರೆ ಬೇರೆ ಆಳದ ಉಷ್ಣತೆ ದಾಖಲಿಸುವುದು ನನ್ನ ಕೆಲಸ. ಬೇಸಿಗೆ ಅಂದರೆ ಸಿಗುವುದು ಕೆಲವೇ ವಾರ. ಭಾರತದಿಂದ ಹೊಸದು ತರಿಸುವಷ್ಟರಲ್ಲಿ ಹಿಮ ಬಿದ್ದುಬಿಡುತ್ತೆ. ಎರಡು ದಿನ ಯಾರಿಗೂ ಹೇಳದೆ ಒದ್ದಾಡಿದೆ. ನಾಚಿಕೆ ಆಗಿತ್ತು, ಅಲ್ವಾ ಮತ್ತೆ?

ಮೂರನೇ ದಿನ ಊಟದ ಮನೆಯಲ್ಲಿ ಬಾಯಿ ಬಿಟ್ಟೆ. ಎಲ್ಲ ದೇಶದವರಿಗೂ ಒಂದೇ ಊಟದ ಮನೆ. ಬಾಗಿಲಲ್ಲಿ ಶೂ ಬಿಚ್ಚಿಟ್ಟು ಸಾಕ್ಸ್‌ನಲ್ಲೇ ಒಳಗೆ ಹೋಗಬೇಕು, ನಮ್ಮ ಮನೆಗಳ ಹಾಗೇ. ಯಾರ ಕೈಯಲ್ಲೂ ಫೋನ್ ಇರುವುದಿಲ್ಲವಾದ್ದರಿಂದ ಎಲ್ಲರೂ ಮುಖ ನೋಡಿ ಮಾತಾಡುತ್ತಾರೆ. ಎದುರಿಗೆ ಕೂತಿದ್ದವರು ಜರ್ಮನ್-ಫ್ರೆಂಚ್ ನಿಲ್ದಾಣದ ತಂತ್ರಜ್ಞರು. ನಾನು ಹೇಳಿದ್ದು ಕೇಳಿ ಅವರು ನಗಲಿಲ್ಲ. ‘ಹೋದ ವರ್ಷ ನಮ್ಮಲ್ಲೂ ಒಬ್ಬರು ಹೀಗೇ ತಂದಿದ್ದರು’ ಅಂದರು. ಊಟ ಮುಗಿಸಿ ಕರೆದುಕೊಂಡು ಹೋಗಿ ಬ್ಲೂಟೂತ್ ಇಲ್ಲದ, ಕೇಬಲ್ ಹಾಕಿ ಶುರು ಮಾಡುವ ಹಳೇ ಮಾದರಿಯ ಆರು ಲಾಗರ್ ಕೊಟ್ಟರು. ಜೊತೆಗೆ ಒಂದು ಬೂದು ಬಣ್ಣದ ಕೇಬಲ್, ತುದಿಗೆ ಹಸಿರು ಟೇಪ್ ಸುತ್ತಿದ್ದು. ‘ಲಾಗರ್ ಹೋದರೂ ಚಿಂತೆಯಿಲ್ಲ, ಕೇಬಲ್ ಮಾತ್ರ ವಾಪಸ್ ಬೇಕು. ಈಗ ಈ ಕೇಬಲ್ ಸಿಗಲ್ಲ’ ಅಂದರು.

ದುಡ್ಡು ಕೇಳಲಿಲ್ಲ. ಬದಲಿಗೆ ಕೇಳಿದ್ದು ನನ್ನ ಎರಡು ದಿನ. ಅವರಿಗೆ ಕರಡಿ ಕಾವಲಿಗೆ ಒಬ್ಬರು ಬೇಕಿತ್ತು.

ಊರು ದಾಟಿದರೆ ಹಿಮಕರಡಿ ಎಲ್ಲಿ ಬೇಕಾದರೂ ಎದುರಾಗಬಹುದು. ಹಾಗಾಗಿ ಬಂದ ತಕ್ಷಣ ಬಂದೂಕಿನ ತರಬೇತಿ ಆಗುತ್ತೆ. ಊರಲ್ಲಿ ಬಾಗಿಲುಗಳಿಗೆ ಬೀಗ ಹಾಕುವುದಿಲ್ಲ, ಕರಡಿ ಬಂದರೆ ಯಾರು ಯಾವ ಮನೆಗಾದರೂ ನುಗ್ಗಬಹುದು. ಹೊರಗೆ ಕೆಲಸ ಮಾಡುವಾಗ ಉಳಿದವರು ತಲೆ ಬಗ್ಗಿಸಿ ಮಣ್ಣು ಅಗೆಯುತ್ತಿದ್ದರೆ ಒಬ್ಬರು ಸುಮ್ನೆ ನಿಂತು ಸುತ್ತ ನೋಡುತ್ತಿರಬೇಕು. ಎರಡು ದಿನ ನಾನು ಅದನ್ನೇ ಮಾಡಿದೆ. ಹೆಗಲಲ್ಲಿ ರೈಫಲ್, ಸೊಂಟದಲ್ಲಿ ಬೆದರಿಸುವ ಸಿಗ್ನಲ್ ಪಿಸ್ತೂಲು. ಏಳು ಗಂಟೆ ಹೊತ್ತು ಕಲ್ಲು, ಹಿಮ, ಮತ್ತೆ ಕಲ್ಲು. ಒಂದು ಹಳದಿ ಬಂಡೆ ಅಲುಗಾಡಿದ ಹಾಗೆ ಕಂಡು ನಾಲ್ಕು ಸಲ ದುರ್ಬೀನು ಎತ್ತಿದೆ. ಬಂಡೆಯೇ. ಕಾಲ್ಬೆರಳಿನ ಸ್ಪರ್ಶ ಹೋಗಿತ್ತು. ಕರಡಿ ಬರಲಿಲ್ಲ. ವಾಪಸ್ ಬರುವಾಗ ಊರ ಬಾಗಿಲಲ್ಲೇ ಒಂದು ಟರ್ನ್ ಹಕ್ಕಿ ತಲೆಗೆ ಕುಕ್ಕಿ ರಕ್ತ ಬರಿಸಿತು. ಅವು ರಸ್ತೆ ಪಕ್ಕದಲ್ಲೇ ಮೊಟ್ಟೆ ಇಡುತ್ತವೆ, ಹಾದುಹೋಗುವವರಲ್ಲಿ ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ಕುಕ್ಕುತ್ತವೆ. ಅದಕ್ಕೇ ಎಲ್ಲರೂ ಒಂದು ಕೋಲು ತಲೆಯ ಮೇಲೆ ಎತ್ತಿ ಹಿಡಿದು ನಡೆಯುತ್ತಾರೆ. ಮೊದಲ ದಿನ ಅದು ಏನೋ ಶಿಷ್ಟಾಚಾರ ಅಂದುಕೊಂಡಿದ್ದೆ.

ದೇಶ-ದೇಶಗಳ ಸಹಕಾರ ಅಂದರೆ ನನಗೆ ಮೊದಲು ನೆನಪಾಗುವುದು ಈ ಎರಡು ದಿನ. ಹಾಗಂತ ಕಾಗದಪತ್ರ ಕಡಿಮೆಯದ್ದಲ್ಲ. ನಾವೆಲ್ಲ ಅಲ್ಲಿ ಇರುವುದೇ 1920ರ ಸ್ವಾಲ್‌ಬಾರ್ಡ್ ಒಪ್ಪಂದದ ನೆರಳಿನಲ್ಲಿ. ದ್ವೀಪಗಳು ನಾರ್ವೆಯವು, ಆದರೆ ಸಹಿ ಹಾಕಿದ ದೇಶಗಳವರು ಅಲ್ಲಿ ಸಮಾನವಾಗಿ ಮೀನು ಹಿಡಿಯಬಹುದು, ಗಣಿ ನಡೆಸಬಹುದು, ವ್ಯಾಪಾರ ಮಾಡಬಹುದು. ಆಗ ಬ್ರಿಟಿಷರ ಕೈಯಲ್ಲಿದ್ದ ಭಾರತದ ಹೆಸರಿನಲ್ಲೂ ಸಹಿ ಬಿದ್ದಿತ್ತು. ನಮ್ಮವರು ಇದನ್ನು ‘ನಮಗೆ ಅಲ್ಲಿ ಹಕ್ಕಿದೆ’ ಅಂತ ಸ್ವಲ್ಪ ಜಾಸ್ತಿಯೇ ಎಳೆಯುತ್ತಾರೆ. ನಾನೂ ಎಳೆಯುತ್ತಿದ್ದೆ. ಒಪ್ಪಂದ ಓದಿದರೆ ಸಂಶೋಧನೆಯ ಹಕ್ಕು ಅದರಲ್ಲಿ ಬಿಡಿಸಿ ಬರೆದಿಲ್ಲ. ಅದಕ್ಕೆ ಬೇರೆ ಒಪ್ಪಂದ ಮಾಡಿಕೊಳ್ಳೋಣ ಎಂದಿದೆ, ಆ ಒಪ್ಪಂದ ಆಗಲೇ ಇಲ್ಲ. ಹಾಗಾಗಿ ಸ್ವಾಲ್‌ಬಾರ್ಡ್ ಸಂಶೋಧನೆಯ ಪೋರ್ಟಲ್‌ನಲ್ಲಿ ಯೋಜನೆ ನೋಂದಾಯಿಸಬೇಕು, ಅಲ್ಲಿನ ಗವರ್ನರ್ ಕಚೇರಿಯ ಅನುಮತಿ ತಗೋಬೇಕು, ಯಾರು ಎಲ್ಲಿ ಏನು ಅಳೆಯುತ್ತಿದ್ದಾರೆ ಅಂತ ನೋಡಿಕೊಳ್ಳಬೇಕು. 1994ರಿಂದ ಎಲ್ಲ ನಿಲ್ದಾಣಗಳವರು ಸೇರುವ ಒಂದು ಸಮಿತಿಯೂ ಇದೆ. ಒಂದೇ ಹಿಮನದಿಗೆ ನಾಲ್ಕು ದೇಶದವರು ನಾಲ್ಕು ಕಡೆ ಗೂಟ ಹೊಡೆಯುವುದು ಇದರಿಂದ ತಪ್ಪುತ್ತೆ.

2021ರ ಕೊನೆಯಲ್ಲಿ ಇದರ ಇನ್ನೊಂದು ಮುಖ ನೋಡಿದೆ. ಭಾರತ 2013ರಿಂದ ಆರ್ಕ್ಟಿಕ್ ಕೌನ್ಸಿಲ್‌ನಲ್ಲಿ, ಅಂದರೆ ಉತ್ತರ ಧ್ರುವ ಪ್ರದೇಶದ ದೇಶಗಳ ವೇದಿಕೆಯಲ್ಲಿ, ವೀಕ್ಷಕ. ಅದರ ಒಂದು ಕಾರ್ಯತಂಡದ ಆನ್‌ಲೈನ್ ಸಭೆಗೆ ನನ್ನನ್ನು ಕೂರಿಸಿದರು. ಮೊದಲು ಎಂಟು ಸದಸ್ಯ ದೇಶಗಳು ಮತ್ತು ಸಾಮಿ, ಇನೂಯಿಟ್ ಮುಂತಾದ ಮೂಲನಿವಾಸಿಗಳ ಆರು ಸಂಘಟನೆಗಳು. ವೀಕ್ಷಕರು ಮಾತಾಡುವುದು ಆಮೇಲೆ, ಅಧ್ಯಕ್ಷರು ಬಿಟ್ಟರೆ. ನಾವು ಯೋಜನೆ ಸೂಚಿಸಬೇಕೆಂದರೂ ಇವರಲ್ಲಿ ಯಾರಾದರೂ ಒಬ್ಬರ ಮೂಲಕವೇ. ಮೊದಲು ಸಿಟ್ಟು ಬಂತು. ಸಾಮಿ ಪ್ರತಿನಿಧಿಯೊಬ್ಬರು ಮಾತಾಡಿದ ಮೇಲೆ ಸಿಟ್ಟು ಇಳಿಯಿತು. ಚಳಿಗಾಲದಲ್ಲಿ ಮಳೆ ಬಿದ್ದು ಹಿಮದ ಮೇಲೆ ಮಂಜುಗಡ್ಡೆಯ ಪದರ ಕಟ್ಟಿದರೆ ಅವರು ಸಾಕುವ ಹಿಮಸಾರಂಗಗಳು ಕೆಳಗಿನ ಕಲ್ಲುಹೂವು ಸಿಗದೆ ಉಪವಾಸ ಬೀಳುತ್ತವಂತೆ. ನಾನು ಅಳೆಯುತ್ತಿದ್ದ ಡಿಗ್ರಿಗಳು ಅವರಿಗೆ ಮನೆಯ ದನಕರುವಿನ ಮಾತು. ಅವರು ನನಗಿಂತ ಮೊದಲು ಮಾತಾಡುವುದು ಸರಿಯೇ.

ಆ ಸಭೆಯ ಚಾಟ್‌ನಲ್ಲಿ ರಷ್ಯಾದ ಸಂಶೋಧಕರೊಬ್ಬರ ಪರಿಚಯವಾಯಿತು. ಅವರ ಬಳಿ ಸೈಬೀರಿಯಾದ ಹೆಪ್ಪುಗಟ್ಟಿದ ಮಣ್ಣಿನ ಉಷ್ಣತೆ, ನನ್ನ ಬಳಿ ಆರು ಲಾಗರ್‌ನದ್ದು. ಹೋಲಿಸೋಣ ಅಂದುಕೊಂಡೆವು. ಎರಡು ಕಂತು ಡೇಟಾ ಬಂತು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ, ಮಾರ್ಚ್ 3ಕ್ಕೆ ರಷ್ಯಾ ಬಿಟ್ಟು ಉಳಿದ ಏಳು ಸದಸ್ಯ ದೇಶಗಳು ಕೌನ್ಸಿಲ್ ಕೆಲಸ ನಿಲ್ಲಿಸಿದವು. ಅಧ್ಯಕ್ಷತೆ ಆಗ ರಷ್ಯಾದ್ದೇ. 2023ರಲ್ಲಿ ನಾರ್ವೆ ಅಧ್ಯಕ್ಷತೆ ವಹಿಸಿಕೊಂಡ ಮೇಲೆ ಕಾರ್ಯತಂಡಗಳು ಮೆಲ್ಲಗೆ ಬರವಣಿಗೆಯಲ್ಲೇ ಶುರುವಾದವು, 2024ರಲ್ಲಿ ಆನ್‌ಲೈನ್ ಸಭೆಗಳೂ. ನನ್ನ ಮೂರನೇ ಕಂತು ಮಾತ್ರ ಬರಲಿಲ್ಲ. ಆರ್ಕ್ಟಿಕ್ ಸಾಗರದ ಕರಾವಳಿಯ ಅರ್ಧದಷ್ಟು ರಷ್ಯಾದಲ್ಲಿದೆ. ನನ್ನ ನಕ್ಷೆಯಲ್ಲಿ ಆ ಕಡೆ ಎರಡೇ ಚುಕ್ಕಿ.

2023ರ ಡಿಸೆಂಬರ್‌ನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಹಿಮಾದ್ರಿಗೆ ಹೋಯಿತು. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಖಗೋಳ ಅಧ್ಯಯನಕ್ಕೆ ಅಲ್ಲಿನ ರೇಡಿಯೋ ಪರಿಸರ ಎಷ್ಟು ಶಾಂತವಾಗಿದೆ ಅಂತ ಅಳೆಯೋಕೆ. ಸುದ್ದಿ ಓದಿ ನಗು ಬಂತು. ನನ್ನ ಹನ್ನೆರಡು ಲಾಗರ್‌ಗಳ ಬಾಯಿ ಮುಚ್ಚಿಸಿದ ಮೌನ ಇನ್ನೊಬ್ಬರಿಗೆ ಬೇಕಾದ ಸರಕು.

ಕಡ ತಂದ ಆರು ಲಾಗರ್‌ಗಳಲ್ಲಿ ಐದು ಮಾತ್ರ ಚಳಿಗಾಲವನ್ನು ದಾಟಿದವು. ಒಂದನ್ನು ನರಿ ಕಚ್ಚಿ ಹಾಳು ಮಾಡಿತ್ತು. ಐದನ್ನೂ ಅವುಗಳ ಡೇಟಾವನ್ನೂ ಜರ್ಮನ್-ಫ್ರೆಂಚ್ ನಿಲ್ದಾಣಕ್ಕೆ ಮುಟ್ಟಿಸಿದ್ದಾಯಿತು. ಹಸಿರು ಟೇಪಿನ ಕೇಬಲ್ ಮಾತ್ರ ಹೇಗೋ ನನ್ನ ಬ್ಯಾಗಿನಲ್ಲೇ ಉಳಿದು ಊರಿಗೆ ಬಂತು. ಕಳೆದ ತಿಂಗಳು ಆ ತಂತ್ರಜ್ಞರ ಮೇಲ್ ಬಂದಿತ್ತು. ಹವಾಮಾನದ ಬಗ್ಗೆ ಒಂದು ಸಾಲು, ಕೇಬಲ್ ಬಗ್ಗೆ ಮೂರು ಸಾಲು. ಈ ಬೇಸಿಗೆಗೆ ಹಿಮಾದ್ರಿಗೆ ಹೋಗುವವರು ಯಾರಾದರೂ ಇದ್ದರೆ ಹೇಳಿ, ಕೊಟ್ಟು ಕಳಿಸಬೇಕು.