ಸೀಟಿ ಎಣಿಸೋದು ಬಿಟ್ಟು ಟೈಮರ್ ಇಟ್ಟಾಗ ಬ್ಯಾಳಿ ಸರಿಯಾಯಿತು

ಅದೇ ಕುಕ್ಕರ್, ಅದೇ ಕಲಬುರಗಿ ತೊಗರಿ ಬ್ಯಾಳಿ. ಮೂರು ಸೀಟಿಗೆ ಒಮ್ಮೆ ಕಾಳುಕಾಳಾಗಿ ಉಳಿಯುತ್ತಿತ್ತು, ಒಮ್ಮೆ ತಳ ಹಿಡಿಯುತ್ತಿತ್ತು. ತಪ್ಪು ಬ್ಯಾಳಿಯದಲ್ಲ, ಸೀಟಿಯದು. ಉರಿ ಜೋರಿದ್ದರೆ ಮೂರೂ ಸೀಟಿ ಬೇಗ ಮುಗಿಯುತ್ತವೆ. ಗ್ಯಾಸ್ಕೆಟ್ ಸಡಿಲಿದ್ದರೆ ಹಬೆ ಬದಿಯಿಂದ ಸೋರಿ ಸೀಟಿ ತಡವಾಗುತ್ತದೆ, ಅಷ್ಟರಲ್ಲಿ ನೀರು ಇಂಗಿರುತ್ತದೆ.

ಈಗಿನ ಲೆಕ್ಕ ಇಷ್ಟು: ಅರ್ಧ ತಾಸು ನೆನೆಸಿದ ಒಂದು ಕಪ್ ಬ್ಯಾಳಿ, ಮೂರು ಕಪ್ ನೀರು, ಚಿಟಿಕೆ ಅರಿಶಿನ, ನೊರೆ ಉಕ್ಕದಂತೆ ಒಂದು ಚಮಚ ಎಣ್ಣೆ. ಮೊದಲ ಸೀಟಿ ಬಂದ ಕೂಡಲೇ ಉರಿ ಸಣ್ಣ ಮಾಡಿ, ಆಗ 8 ನಿಮಿಷಕ್ಕೆ ಟೈಮರ್ ಒತ್ತಬೇಕು. ಒಲೆ ಹಚ್ಚಿದಾಗಲೇ ಅಲ್ಲ. ಗ್ಯಾಸ್ ಆರಿಸಿದ ಮೇಲೆ ಹಬೆ ತಾನಾಗಿಯೇ ಇಳಿಯಲಿ.

ತಿರುಗಿಸುವ ಟೈಮರ್‌ಗೆ ಸೆಲ್ ಬೇಡ. ಆದರೆ 10 ನಿಮಿಷದೊಳಗೆ ಇಡುವಾಗ ಮೊದಲು 20ರಾಚೆ ತಿರುಗಿಸಿ ಹಿಂದಕ್ಕೆ ತರಬೇಕು, ಇಲ್ಲದಿದ್ದರೆ ಸ್ಪ್ರಿಂಗ್‌ಗೆ ಬಿಗಿ ಸಾಲದೆ ಗಂಟೆ ಅರೆಬರೆ ಬಾರಿಸುತ್ತದೆ. ಬ್ಯಾಳಿಗೆ ಡಿಜಿಟಲ್ಲೇ ಲೇಸು. ಗುಂಡಿ ಸೆಲ್ಲಿನದಕ್ಕಿಂತ ಸಣ್ಣ ಪೆನ್ಸಿಲ್ ಸೆಲ್ಲಿನದು ಕೊಳ್ಳಿ, ಓಣಿಯ ಅಂಗಡಿಯಲ್ಲೇ ಸೆಲ್ ಸಿಗುತ್ತದೆ. ಮ್ಯಾಗ್ನೆಟ್ ಇದೆಯೆಂದು ಒಲೆ ಮೇಲಿನ ಚಿಮಣಿಗೆ ಅಂಟಿಸಬೇಡಿ, ಬಿಸಿಗೆ ಪರದೆ ಕಪ್ಪಾಗುತ್ತದೆ. ಫ್ರಿಜ್ ಬಾಗಿಲಿಗೆ ಅಂಟಿಸಿ, ಮಿಕ್ಸರ್ ಓಡುತ್ತಿರುವಾಗಲೂ ಸದ್ದು ಕೇಳುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ.