ಸೇಫ್ಟಿ ಟೇಬಲ್‌ಗಳಿಗೆ ಒಂದೇ ಸೆಟ್: ಹಾಸನದಲ್ಲಿ ಕೂತು ನಾವು ಮಾಡಿದ್ದು

ಪ್ರತಿ ಸ್ಟಡಿಗೂ (ಅಂದ್ರೆ ಔಷಧಿ ಟ್ರಯಲ್‌ಗೂ) ಸೇಫ್ಟಿ ಟೇಬಲ್, ಅಂದ್ರೆ ಪೇಷೆಂಟ್‌ಗಳಿಗಾದ ತೊಂದರೆ, ಲ್ಯಾಬ್ ರಿಸಲ್ಟ್‌ಗಳ ಲೆಕ್ಕದ ಪಟ್ಟಿ, ಹೊಸದಾಗಿ ಬರೆಯಲ್ಲ, ಒಂದೇ ಸೆಟ್ ಇಟ್ಕೊಂಡು ಎಲ್ಲಾದಕ್ಕೂ ಓಡಿಸ್ತೀನಿ ಅಂದಾಗ ಬೆಂಗಳೂರಿನ ಹಳೇ ಕಲೀಗ್ಸ್ ನಕ್ಕಿದ್ದೇ ನಕ್ಕಿದ್ದು. "ಒಬ್ಬೊಬ್ಬ ಸ್ಪಾನ್ಸರ್‌ದೂ ಒಂದೊಂದು ಶೆಲ್ಲು, ನೀವು ಹಾಸನದಲ್ಲಿ ಕೂತು ಅವರಿಗೆ ಪಾಠ ಹೇಳ್ತೀರಾ ಸಾರ್?" ಅಂದ್ರು. ಸ್ಪಾನ್ಸರ್ ಅಂದ್ರೆ ಟ್ರಯಲ್ ಮಾಡಿಸೋ ಕಂಪನಿ, ಶೆಲ್ ಅಂದ್ರೆ ಸಂಖ್ಯೆ ತುಂಬೋ ಮುಂಚಿನ ಖಾಲಿ ಟೇಬಲ್ ನಮೂನೆ. ಈಗ ಸಾಲಗಾಮೆ ರಸ್ತೆಯ ಒಂದು ರೂಮಲ್ಲಿ ನಾನು, ಇಬ್ರು ಹುಡುಗ್ರು, ಒಬ್ಬಳು ಹುಡುಗಿ ಸೇರಿ ಹೆಚ್ಚುಕಮ್ಮಿ ಒಂದು ಡಜನ್ ಸ್ಟಡಿ ಇದ್ರಲ್ಲೇ ಕಳಿಸಿದೀವಿ. ನಕ್ಕೋರಲ್ಲೇ ಒಬ್ರು ಮೊನ್ನೆ ಫೋನ್ ಮಾಡಿ ನಾವು ಬಳಸೋ ಎಕ್ಸೆಲ್ ಶೀಟ್ ಕಳಿಸ್ತೀರಾ ಅಂತ ಕೇಳಿದ್ರು. ಕಳಿಸಲಿಲ್ಲ.

ಶುರುಲಿ ಎಲ್ರೂ ಮಾಡೋ ಹಾಗೆ ಒಂದು ದೊಡ್ಡ ಮ್ಯಾಕ್ರೋ (ಮತ್ತೆ ಮತ್ತೆ ಕರೆದು ಓಡಿಸೋ ಕೋಡ್) ಬರೆದ್ವಿ. ಎಇ (ಅಡ್ವರ್ಸ್ ಈವೆಂಟ್, ಟ್ರಯಲ್ ವೇಳೆ ಪೇಷೆಂಟ್‌ಗೆ ಆದ ತೊಂದರೆ), ಲ್ಯಾಬ್, ವೈಟಲ್ಸ್ (ಬಿಪಿ, ನಾಡಿ ಇತ್ಯಾದಿ) ಎಲ್ಲಾ ಅದ್ರೊಳಗೇ, ಪ್ಯಾರಾಮೀಟರ್ರೇ ಅರವತ್ತರ ಹತ್ರ ಹೋಯ್ತು. ಹೊಸದಾಗಿ ಸೇರಿದ ಹುಡುಗಿ ಒಂದು ದಿನ ನೋಡಿ "ಸಾರ್, ಇದನ್ನ ಕಾಲ್ ಮಾಡೋದಕ್ಕಿಂತ ಟೇಬಲ್ಲೇ ಬರೆದುಬಿಡೋದು ಸಲೀಸು" ಅಂದ್ಲು. ಅಲ್ಲಿಗೆ ಆರೇಳು ತಿಂಗಳು, ಸಂಬಳ ಬಾಡಿಗೆ ಸೇರಿ ನಾಲ್ಕೈದು ಲಕ್ಷ ಹೋಗಿತ್ತು. ಆಮೇಲೆ ಶೆಲ್‌ಗಳನ್ನೇ ಸ್ಟ್ಯಾಂಡರ್ಡ್ ಮಾಡೋಣ ಅಂತ ಹೊರಟ್ವಿ, ಅದೂ ಬಿತ್ತು. ಒಬ್ಬ ಸ್ಪಾನ್ಸರ್‌ಗೆ ಪರ್ಸೆಂಟ್ ಪಕ್ಕದಲ್ಲಿ ಬೇಕು, ಇನ್ನೊಬ್ರಿಗೆ ಬ್ರಾಕೆಟ್‌ನಲ್ಲಿ ಬೇಕು, ಅದಕ್ಕೇ ಮೂರು ಮೀಟಿಂಗು.

ಕೆಲಸ ಹಿಡಿದಿದ್ದು ಶೆಲ್ ಆಚೆ ಇಟ್ಟು ಡೆಫಿನಿಶನ್ ಮೇಲೆ ಕೂತಾಗ. ಟಿಇಎಇ (ಔಷಧಿ ಶುರುವಾದ್ಮೇಲೆ ಬಂದ ಎಇ) ವಿಂಡೋ ಕೊನೇ ಡೋಸ್ ಆದ್ಮೇಲೆ ಎಷ್ಟು ದಿನ, ಅರ್ಧಂಬರ್ಧ ಡೇಟ್ ಇರೋ ಎಇಯನ್ನ ಎಲ್ಲಿ ಹಾಕೋದು, ಮೊದಲೇ ಇದ್ದ ತೊಂದರೆ ಜೋರಾದ್ರೆ ಎಣಿಸ್ಬೇಕಾ, ಬೇಸ್‌ಲೈನ್ (ಔಷಧಿಗೆ ಮುಂಚಿನ ಅಳತೆ) ಯಾವ್ದು, ಮೆಡ್ರಾ (ಎಇ ಹೆಸರುಗಳ ಡಿಕ್ಷನರಿ) ವರ್ಷಕ್ಕೆರಡು ಸಲ ಬದಲಾಗುತ್ತಲ್ಲ ಅದ್ರಲ್ಲಿ ಯಾವ ವರ್ಶನ್. ಇಂಥ ನಲವತ್ತು ಚಿಲ್ಲರೆ ಪ್ರಶ್ನೆ, ಒಂದು ಎಕ್ಸೆಲ್ ಶೀಟು. ಸ್ಪಾನ್ಸರ್ ತುಂಬಿ ಸೈನ್ ಹಾಕೋವರೆಗೂ ಕೋಡ್ ಮುಟ್ಟಲ್ಲ. ಬ್ರಾಕೆಟ್ಟು, ಡೆಸಿಮಲ್ಲು ಎಲ್ಲಾ ಬೇರೆ ಲೇಯರ್, ಅದನ್ನ ಎಷ್ಟು ಸಲ ಬೇಕಾದ್ರೂ ಬದಲಾಯಿಸ್ಲಿ.

ಆ ಶೀಟಲ್ಲಿ ನನಗೆ ಅತಿ ಮುಖ್ಯ ಅನ್ಸಿದ್ದು ಅನ್‌ಷೆಡ್ಯೂಲ್ಡ್ ವಿಸಿಟ್ (ಮೊದಲೇ ನಿಗದಿ ಮಾಡಿರದ ಭೇಟಿ) ಸಾಲು. ಒಬ್ಬ ಪೇಷೆಂಟ್‌ಗೆ ಮೂರನೇ ವಿಸಿಟಲ್ಲಿ ಎಎಲ್‌ಟಿ (ಲಿವರ್ ಎನ್‌ಜೈಮ್) ನಾರ್ಮಲ್, ನಾಲ್ಕನೇದ್ರಲ್ಲೂ ನಾರ್ಮಲ್, ನಡುವೆ ಸುಸ್ತು ಅಂತ ಬಂದಾಗ ಯುಎಲ್‌ಎನ್‌ನ (ನಾರ್ಮಲ್‌ನ ಮೇಲಿನ ಮಿತಿಯ) ಐದು ಪಟ್ಟು. ವಿಸಿಟ್‌ವಾರು ಸರಾಸರಿ ಟೇಬಲ್ ನೋಡಿದ್ರೆ ಆ ಮನುಷ್ಯನಿಗೆ ಏನೂ ಆಗೇ ಇಲ್ಲ. ಹಾಗಾಗಿ ನಮ್ಮಲ್ಲಿ ಸರಾಸರಿಗೆ, ಬಾಕ್ಸ್ ಪ್ಲಾಟ್‌ಗೆ ಷೆಡ್ಯೂಲ್ಡ್ ವಿಸಿಟ್ ಮಾತ್ರ, ಶಿಫ್ಟ್ ಟೇಬಲ್‌ಗೂ (ಬೇಸ್‌ಲೈನಿಂದ ಯಾರು ಎಲ್ಲಿಗೆ ಸರಿದ್ರು ಅನ್ನೋದು) ಇ-ಡಿಶ್‌ಗೂ ಎಲ್ಲಾ ವಿಸಿಟ್. ಇ-ಡಿಶ್ ಅಂದ್ರೆ ಲಿವರ್‌ಗೆ ಪೆಟ್ಟಾಗಿರಬಹುದಾದೋರನ್ನ ಹುಡುಕೋ ಚಿತ್ರ, ಅಡ್ಡಕ್ಕೆ ಎಎಲ್‌ಟಿ ಪೀಕ್, ಉದ್ದಕ್ಕೆ ಟೋಟಲ್ ಬಿಲಿರುಬಿನ್ ಪೀಕ್, ಎಎಲ್‌ಟಿಗೆ ಯುಎಲ್‌ಎನ್‌ನ 3 ಪಟ್ಟು, ಬಿಲಿರುಬಿನ್‌ಗೆ 2 ಪಟ್ಟಿಗೆ ಗೆರೆ. ಯುಎಲ್‌ಎನ್‌ನಿಂದ ಭಾಗಿಸೋದ್ರಿಂದ ಬಿಲಿರುಬಿನ್‌ನ 17.1 ಗುಣಾಕಾರದ ಯೂನಿಟ್ ಗಲಾಟೆ (mg/dLನಿಂದ µmol/Lಗೆ) ತಪ್ಪುತ್ತೆ, ಆದ್ರೆ ಲಿಮಿಟ್ಟೂ ಅದೇ ಲ್ಯಾಬ್‌ದೇ ಆಗಿರ್ಬೇಕು. ಮೇಲೆ ಬಲಗಡೆ ಮೂಲೆಗೆ ಬಿದ್ದೋರಿಗೆಲ್ಲಾ ಹೈಸ್ ಲಾ ಕೇಸ್ (ಔಷಧಿಯಿಂದ ಗಂಭೀರ ಲಿವರ್ ಪೆಟ್ಟು) ಅಂತ ಟೈಟಲ್ ಹಾಕ್ತಾರೆ ನೋಡಿ, ಅದು ಕಂಡ್ರೆ ನಂಗೆ ಮೈ ಉರಿಯುತ್ತೆ. ಎಎಲ್‌ಪಿ (ಪಿತ್ತದ ಹರಿವು ತಡೆದಿದ್ರೆ ಏರೋ ಎನ್‌ಜೈಮ್) ನೋಡ್ಬೇಕು, ಬೇರೆ ಕಾರಣ ಇಲ್ಲ ಅಂತ ಡಾಕ್ಟರ್ ಹೇಳ್ಬೇಕು, ಅಲ್ಲೀತನಕ ಅವ್ರು ಬರೀ ಕ್ಯಾಂಡಿಡೇಟ್.

ನಡುವೆ ಸಿಡಿಸ್ಕ್ (ಟ್ರಯಲ್ ಡೇಟಾಕ್ಕೆ ಸ್ಟ್ಯಾಂಡರ್ಡ್ ಮಾಡೋ ಸಂಸ್ಥೆ) ಪೈಲಟ್ ಡೇಟಾ ಇಟ್ಕೊಂಡು ಒಂದಿಷ್ಟು ಆಟ ಆಡಿದ್ವಿ. 254 ಪೇಷೆಂಟ್, ಆಲ್ಝೈಮರ್ಸ್‌ಗೆ ಚರ್ಮದ ಪ್ಯಾಚು. ಎಇಗಳನ್ನ ಎಸ್‌ಒಸಿ (ಮೆಡ್ರಾದ ಅಂಗವಾರು ಗುಂಪು) ಅಕ್ಷರಮಾಲೆ ಬಿಟ್ಟು ರಿಸ್ಕ್ ಡಿಫರೆನ್ಸ್ (ಎರಡು ಗುಂಪಿನ ಶೇಕಡಾದ ವ್ಯತ್ಯಾಸ) ಪ್ರಕಾರ ಜೋಡಿಸಿ ಡಾಟ್ ಪ್ಲಾಟ್ ಹಾಕಿದ್ರೆ ಪ್ಯಾಚ್ ಹಾಕಿದ ಜಾಗದ ತುರಿಕೆ ತಾನೇ ಮೇಲಕ್ಕೆ ಬಂತು, ಪ್ಲಾಸಿಬೋದಲ್ಲಿ (ಔಷಧಿ ಇಲ್ಲದ ಹುಸಿ ಪ್ಯಾಚ್) ಶೇ. 7ರ ಹತ್ರ, ಔಷಧಿಯೋರಲ್ಲಿ ಶೇ. 26. ಟೇಬಲ್ಲಲ್ಲಿ ಇದೇ ಸಂಖ್ಯೆ ಎಷ್ಟೋ ಪುಟ ತಿರುಗಿಸಿದ್ಮೇಲೆ ಸಿಗೋದು. ಮೊದಲು ರಿಲೇಟಿವ್ ರಿಸ್ಕ್ (ಒಂದನ್ನ ಇನ್ನೊಂದರಿಂದ ಭಾಗಿಸೋದು) ಹಾಕಿದ್ವಿ, ಪ್ಲಾಸಿಬೋದಲ್ಲಿ ಸೊನ್ನೆ ಇದ್ದ ಕಡೆ ಚಿತ್ರ ಕೆಟ್ಟು ಕೂತ್ಕೊಳ್ತು. ವಾಲ್ಕೆನೋ ಪ್ಲಾಟೂ (ವ್ಯತ್ಯಾಸದ ಎದುರು ಪಿ ವ್ಯಾಲ್ಯೂ ಹಾಕೋ ಚಿತ್ರ) ಮಾಡಿ ನೋಡಿದ್ವಿ. ಅದನ್ನ ತೋರಿಸಿದ ಡಾಕ್ಟರ್ ಒಬ್ರು ಪ್ರತಿ ಎಇಗೂ ಪಿ ವ್ಯಾಲ್ಯೂ ಕೇಳೋಕೆ ಶುರು ಮಾಡಿದ್ರು, ಅವತ್ತೇ ತೆಗೆದೆ.

ದುಡ್ಡಿನ ವಿಷ್ಯ. ಸ್ಯಾಸ್ (ದುಡ್ಡು ಕೊಟ್ಟು ಕೊಳ್ಳೋ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್) ಲೈಸೆನ್ಸ್ ನಮ್ಮಂಥ ನಾಲ್ಕು ಜನದ ಅಂಗಡಿಗೆ ಆಗೋ ಮಾತಲ್ಲ, ಪುಕ್ಕಟೆ ಸಿಗೋ ಆರ್‌ಗೆ ಹೋದ್ವಿ. "ಆರ್ ನಡೆಯಲ್ಲ" ಅಂತ ಅದಕ್ಕೂ ತಕರಾರು. ಎಫ್‌ಡಿಎ (ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ) ಇಂಥದ್ದೇ ಸಾಫ್ಟ್‌ವೇರ್ ಬೇಕು ಅನ್ನೋ ನಿಯಮ ಇಲ್ಲ ಅಂತ 2015ರಲ್ಲೇ ಹೇಳಿದೆ, ಅದರ ಪ್ರಿಂಟ್ ಮೇಜಿನ ಮೇಲೇ ಇಟ್ಟಿದೀನಿ. 2022ರಲ್ಲಿ ಅವರೇ ಸ್ಟ್ಯಾಂಡರ್ಡ್ ಸೇಫ್ಟಿ ಟೇಬಲ್ಸ್ ಅಂಡ್ ಫಿಗರ್ಸ್ ಗೈಡ್ ಬಿಟ್ಮೇಲಂತೂ ಸ್ಪಾನ್ಸರ್ ಜೊತೆ ಮಾತು ಅರ್ಧಕ್ಕರ್ಧ ಕಮ್ಮಿ ಆಯ್ತು. ಮುಂಚೆ ಸೇಫ್ಟಿ ಸೆಟ್ ಕ್ಯೂಸಿ (ತಪ್ಪು ಪರಿಶೀಲನೆ) ಸಮೇತ ಐದಾರು ವಾರ, ಈಗ ಶೀಟ್ ಸೈನ್ ಆಗಿ ಬಂದ್ರೆ ಎಂಟ್ಹತ್ತು ದಿನ. ರೇಟ್ ಮಾತ್ರ ಟೇಬಲ್ ಲೆಕ್ಕದಲ್ಲೇ ಇಟ್ಟಿದೀನಿ, ದಿನದ ಲೆಕ್ಕಕ್ಕೆ ಒಪ್ಕೊಂಡಿದ್ರೆ ಬೇಗ ಮುಗಿಸಿದ್ದಕ್ಕೆ ನಾನೇ ದಂಡ ಕಟ್ಟಿದ ಹಾಗಾಗ್ತಿತ್ತು. ಹೋದ ಹಾಸನಾಂಬ ಜಾತ್ರೇಲಿ ಊರೆಲ್ಲಾ ಜಾಮ್, ಹುಡುಗ್ರು ರೂಮಿಗೆ ಬರೋಕೇ ಆಗ್ಲಿಲ್ಲ, ಮನೆಯಿಂದಲೇ ರನ್ ಹೊಡೆದು ಡೆಲಿವರಿ ಕೊಟ್ರು.

ಫುಟ್‌ನೋಟ್‌ಗಳು ಶೀಟಿಂದ ತಾವೇ ಹೇಗೆ ಕೂತ್ಕೊಳ್ತವೆ, ಅದಕ್ಕೆ ಯಾವ ಕಾಲಂ ಸೇರಿಸಿದೀನಿ ಅಂತ ಕೇಳ್ಬೇಡಿ, ಹೊಟ್ಟೆಪಾಡು. ಈಗ ಇಸಿಜಿ ಬಾಕಿ ಇದೆ. ಕ್ಯೂಟಿಸಿಎಫ್ (ಹೃದಯ ಬಡಿತದ ವೇಗಕ್ಕೆ ಸರಿಹೊಂದಿಸಿದ ಕ್ಯೂಟಿ ಅವಧಿ, ಮಿಲಿಸೆಕೆಂಡಲ್ಲಿ) 450, 480, 500, ಬೇಸ್‌ಲೈನಿಂದ 30, 60 ಏರಿಕೆ, ಇಷ್ಟು ಸುಲಭ. ಒಂದೇ ವಿಸಿಟಲ್ಲಿ ಮೂರು ಸಲ ತೆಗೆದಿದ್ರೆ ಔಟ್‌ಲೈಯರ್ (ಮಿತಿ ದಾಟಿದೋರ) ಟೇಬಲ್‌ಗೆ ಸರಾಸರಿ ಹಿಡಿಯೋದಾ ಜಾಸ್ತಿ ಇದ್ದಿದ್ದನ್ನಾ ಅಂತ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಆ ಸಾಲನ್ನ ಖಾಲಿ ಬಿಟ್ಟಿದೀನಿ, ಸ್ಪಾನ್ಸರೇ ತುಂಬಿ ಸೈನ್ ಹಾಕ್ಲಿ.