ಪೆಡಲ್‌ಗೆ ಹೊಸ ಫರ್ಮ್‌ವೇರ್ ಹಾಕುವ ಮುಂಚೆ

ಶಿರಸಿ, ಕಾರವಾರ ಕಡೆಯ ಗಿಟಾರ್ ಗೆಳೆಯರೇ, ಮಿಡಿ (ಸಂಗೀತ ಉಪಕರಣಗಳು ಒಂದಕ್ಕೊಂದು ಸಂದೇಶ ಕಳಿಸುವ ವ್ಯವಸ್ಥೆ) ಇರುವ ಇಫೆಕ್ಟ್ ಪೆಡಲ್‌ಗೆ ಹೊಸ ಫರ್ಮ್‌ವೇರ್, ಅಂದರೆ ಅದರೊಳಗಿನ ಸಾಫ್ಟ್‌ವೇರ್, ಬಂತು ಅಂತ ಕೂಡಲೇ ಹಾಕಬೇಡಿ. ಮೊದಲು ಪ್ರಿಸೆಟ್‌ಗಳನ್ನೆಲ್ಲ (ಸೇವ್ ಮಾಡಿಟ್ಟ ಸೌಂಡ್ ಸೆಟ್ಟಿಂಗ್‌ಗಳು) ಕಂಪ್ಯೂಟರಿಗೆ ಬ್ಯಾಕಪ್ ಮಾಡಿಕೊಳ್ಳಿ. ಕೆಲವು ಪೆಡಲ್‌ಗಳಲ್ಲಿ ಅಪ್‌ಡೇಟ್ ಆದ ಮೇಲೆ ನೀವು ಸೇವ್ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳೋಕಾಗಲ್ಲ, ಅಲ್ವಾ? ಅಪ್‌ಡೇಟ್ ಅರ್ಧಕ್ಕೆ ನಿಂತರೆ ಪೆಡಲ್ ಆನ್ ಆಗದೇ ಹೋಗಬಹುದು. ಅಡಾಪ್ಟರನ್ನು ಇನ್ವರ್ಟರ್ ಲೈನಿಗೆ ಹಾಕಿ, ಲ್ಯಾಪ್‌ಟಾಪ್ ಫುಲ್ ಚಾರ್ಜ್ ಇರಲಿ. ಯುಎಸ್‌ಬಿ ಕೇಬಲ್ ಡೇಟಾ ಹೋಗುವಂಥದ್ದೇ ಬೇಕು. ಬರೀ ಚಾರ್ಜಿಂಗ್ ಕೇಬಲ್ ಆದರೆ ಲ್ಯಾಪ್‌ಟಾಪಿಗೆ ಪೆಡಲ್ ಕಾಣುವುದೇ ಇಲ್ಲ.

ಹೊಸ ಫರ್ಮ್‌ವೇರಿನಲ್ಲಿ ಮಿಡಿ ಕ್ಲಾಕ್ (ಟೆಂಪೋ ತಿಳಿಸುವ ಸಿಗ್ನಲ್) ಬಂದಿದ್ದರೆ ಅದನ್ನು ಖಂಡಿತ ಬಳಸಿ. ನನಗಂತೂ ಎಲ್ಲಕ್ಕಿಂತ ಇಷ್ಟವಾದ ಫೀಚರ್ ಇದು. ಡ್ರಮ್ ಮಷಿನ್ ಒಂದು ಬೀಟ್‌ಗೆ 24 ಪಲ್ಸ್ ಕಳಿಸುತ್ತದೆ, ಡಿಲೇ (ಪ್ರತಿಧ್ವನಿ ಇಫೆಕ್ಟ್) ತಾನಾಗೇ ಅದಕ್ಕೆ ಹೊಂದಿಕೊಳ್ಳುತ್ತದೆ. ಟೆಂಪೋ ನಿಮಿಷಕ್ಕೆ 120 ಬೀಟ್ ಇದ್ದರೆ ಕ್ವಾರ್ಟರ್ (ಒಂದು ಬೀಟ್) ಡಿಲೇ 500 ಮಿಲಿಸೆಕೆಂಡ್, ಡಾಟೆಡ್ ಎಯ್ತ್ (ಮುಕ್ಕಾಲು ಬೀಟ್) 375. ಸ್ಟೇಜ್ ಮೇಲೆ ಹಾಡಿನ ಮಧ್ಯೆ ಕಾಲಿನಲ್ಲಿ ಟ್ಯಾಪ್ ಮಾಡುವ ಪರದಾಟ ಇರಲ್ಲ. ಕ್ಲಾಕ್ ರಿಸೀವ್ ಆಫ್ ಇದ್ದರೆ ಮೆನುವಿನಲ್ಲಿ ಆನ್ ಮಾಡಿ.

ಸಿಸಿ (ಕಂಟ್ರೋಲ್ ಚೇಂಜ್) ನಂಬರ್‌ಗಳನ್ನು, ಅಂದರೆ ಯಾವ ನಾಬ್ ಅಥವಾ ಸ್ವಿಚ್ ಬದಲಿಸಬೇಕು ಅಂತ ಹೇಳುವ ನಂಬರ್‌ಗಳನ್ನು, ಹೊಸ ಮ್ಯಾನ್ಯುಯಲ್ ನೋಡಿ ಹೊಂದಿಸಿ. 16 ಮಿಡಿ ಚಾನೆಲ್‌ಗಳಲ್ಲಿ ಪೆಡಲ್ ಯಾವುದಕ್ಕೆ ಸೆಟ್ ಆಗಿದೆ ಅಂತಲೂ ಒಮ್ಮೆ ನೋಡಿ.

ಇನ್ನೊಂದು, ಪ್ರೋಗ್ರಾಂ ಚೇಂಜ್ (ಪ್ರಿಸೆಟ್ ಬದಲಿಸುವ ಮಿಡಿ ಸಂದೇಶ) ಕಳಿಸಿದಾಗ ಪಕ್ಕದ ಪ್ರಿಸೆಟ್ ಬಂದರೆ ಪೆಡಲ್ ಕೆಟ್ಟಿಲ್ಲ. ಮಿಡಿ ಲೆಕ್ಕ 0ಯಿಂದ 127. ಕೆಲವು ಕಂಪನಿಗಳು 1ರಿಂದ 128 ಅಂತ ತೋರಿಸುತ್ತವೆ. ಸಂದೇಶ ಕಳಿಸುವ ಕಂಟ್ರೋಲರ್‌ನಲ್ಲಿ ಒಂದು ನಂಬರ್ ಆಚೀಚೆ ಮಾಡಿದರೆ ಸರಿಯಾಗುತ್ತದೆ.